ಮೂರು ಬೆರಳಗಲದ ವಿಭೂತಿ

ಧನಗೆರೆಯ ನಮ್ಮ ಮನೆಗೆ ನೀವು ಬಂದರೆ, ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಸೈಕಲ್ ಫ್ರೇಮು ನೇತಾಡುವುದನ್ನು ಕಾಣುತ್ತೀರಿ. ಚಕ್ರವಿಲ್ಲ, ಹ್ಯಾಂಡಲ್ ಇಲ್ಲ, ಸೀಟೂ ಇಲ್ಲ. ಕಡುನೀಲಿ ಬಣ್ಣದ ಅಲ್ಯೂಮಿನಿಯಂ ಪೈಪುಗಳು ಮಾತ್ರ. ಎತ್ತಿ ನೋಡಿದರೆ ಅರ್ಧ ಬಿಂದಿಗೆ ನೀರಿನಷ್ಟೂ ಭಾರವಿಲ್ಲ. ಈ ಕಡೆಯಿಂದ ಕೆಳಗಿನ ಪೈಪು ತುಸು ಬಾಗಿದಂತೆ ತೋರುತ್ತದೆ, ಅಷ್ಟೆ. ಒಡೆದು ಬಾಯಿಬಿಟ್ಟ ಮಗ್ಗುಲು ಗೋಡೆಗೆ ಮುಖ ಮಾಡಿದೆ. ಹಾಗೆ ತಿರುಗಿಸಿ ನೇತುಹಾಕಿದವನು ನಾನೇ.

ಇದು ಗುಡ್ಡಗಾಡಿನ ಸ್ಪರ್ಧೆಗೆಂದು ಮಾಡಿದ ಫ್ರೇಮು. ಮುಂದಿನ ಚಕ್ರಕ್ಕೆ ಸ್ಪ್ರಿಂಗುಂಟು, ಹಿಂದಿನದಕ್ಕಿಲ್ಲ. ಅದಕ್ಕೇ ಹಾರ್ಡ್‌ಟೇಲ್ ಎನ್ನುತ್ತಾರೆ. ಹಿಂದಿನ ಚಕ್ರಕ್ಕೆ ತಾಗಿದ ಕಲ್ಲು ಆ ಕ್ಷಣವೇ ಸವಾರನ ಬೆನ್ನಿಗೆ ತಿಳಿಯುತ್ತದೆ. ಮೈಸೂರಿನ ಸವಾರನೊಬ್ಬನಿಂದ ಬರಿಯ ಫ್ರೇಮು ಕೊಂಡು, ಉಳಿದದ್ದನ್ನು ಕೊಳ್ಳೇಗಾಲದ ಅಂಗಡಿಯಲ್ಲಿ ಕೂಡಿಸಿಕೊಂಡು ಮೊದಮೊದಲು ನಾನು ಸ್ಪರ್ಧೆಗಿಳಿದೆ. ಯಳಂದೂರಿನ ಅಗರದ ಕಡೆಯ ಕಾಲುವೆ ಏರಿಗಳ ಮೇಲೆ ಬೆಳಗಿನ ಹೊತ್ತು ಓಡಿಸುವಾಗ, ಏನನ್ನೂ ಮುಚ್ಚಿಡದ ವಸ್ತು ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದು ಸಮಾಧಾನವಾಗುತ್ತಿತ್ತು. ತಮ್ಮ ಮಾದೇಶ ನನಗಿಂತ ಚುರುಕೆಂದು ಗೊತ್ತಾದ ಮೇಲೆ ಫ್ರೇಮು ಅವನದಾಯಿತು, ನಾನು ಭಾರದ ಹಳೆಯ ಸೈಕಲ್ಲಿನಲ್ಲಿ ಅವನ ಹಿಂದಾದೆ.

ನಮ್ಮಲ್ಲಿ ಆಯುಧಪೂಜೆಗೆ ನೇಗಿಲು, ಪಂಪ್‌ಸೆಟ್ಟು, ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿಯುತ್ತಾರೆ. ಎತ್ತಿನ ಕತ್ತು ಸವರುವಂತೆ ಅವ್ವ ಹ್ಯಾಂಡಲ್ ಕೂಡುವ ಫ್ರೇಮಿನ ಕತ್ತಿನ ಬಳಿ, ಕೆಳಗಿನ ಪೈಪಿಗೆ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ದಪ್ಪವಾಗಿ ಎಳೆಯುತ್ತಿದ್ದಳು. ಬಳಿದದ್ದನ್ನು ಒರೆಸಬಾರದು, ತಾನಾಗಿಯೇ ಹೋಗಬೇಕು. ಅದು ಅವಳ ಕಟ್ಟಳೆ. ಸ್ಪರ್ಧೆಗೆ ಮುಂಚೆ ಫ್ರೇಮು ತೊಳೆದು, ಬಣ್ಣದಲ್ಲಿ ಬಿರುಕಿನ ಕೂದಲೆಳೆಯ ಗೆರೆ ಎಲ್ಲಾದರೂ ಎದ್ದಿದೆಯೇ ಎಂದು ಬೆರಳಾಡಿಸಿ ನೋಡುವುದು ನಮ್ಮ ಅಭ್ಯಾಸ. ಕಳೆದ ವರ್ಷವೂ ನೋಡಿದೆವು, ಆ ಮೂರು ಬೆರಳಗಲವೊಂದನ್ನು ಬಿಟ್ಟು.

ಸ್ಪರ್ಧೆ ಹನೂರಿನಾಚೆ, ಒಡೆಯರಪಾಳ್ಯದ ಹತ್ತಿರ, ಮುಸುಕಿನ ಜೋಳ ಕಟಾವಾಗಿದ್ದ ಹೊಲಗಳ ಬದುವಿನಲ್ಲಿ. ಸಾಲಿನಲ್ಲಿ ನಿಂತಾಗ ಪಕ್ಕದವನು ವಿಭೂತಿ ನೋಡಿ ನಕ್ಕ. ಮಾದೇಶ ತಿರುಗಿ, “ನಾನು ಸೋತ್ರೂ ಇದು ಸೋಲಕ್ಕಿಲ್ಲ ಕಣ್ಲಾ, ನಮ್ಮವ್ವ ಅಷ್ಟು ದಪ್ಪಕ್ಕೆ ಬಳ್ದವ್ಳೆ” ಎಂದ.

ಹಳ್ಳದ ಇಳಿಜಾರಿನಲ್ಲಿ ಅವನು ಮುಂದಿದ್ದ, ನಾನು ಹಿಂದೆ. ಅವನು ದುಡುಕಲಿಲ್ಲ, ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ಮುಂದಿನ ಚಕ್ರ ಒಂದು ಕಲ್ಲಿನಿಂದ ಕೆಳಗಿಳಿಯಿತು. ಬಾಗಿಲ ಚಿಲಕ ಹಾಕಿದಷ್ಟೇ ಸಣ್ಣ ಸದ್ದು. ಚಕ್ರ ಹ್ಯಾಂಡಲ್ಲಿನ ಸಮೇತ ಒಳಮುಖವಾಗಿ ಮಡಚಿಕೊಂಡಿತು, ಅವನು ಅದರ ಮೇಲಿಂದ ಹೋಗಿ ಭುಜದ ಮೇಲೆ ಬಿದ್ದ. ಆಂಬುಲೆನ್ಸಿಗೆ ಕಾಯುವಾಗ ನನ್ನ ಕಣ್ಣು ಫ್ರೇಮಿನ ಮೇಲಿತ್ತು. ಒಡೆದ ಅಂಚು ಎರಡು ಬಣ್ಣದ್ದಾಗಿತ್ತು: ಅರ್ಧ ಆಗ ತಾನೇ ಹರಿದದ್ದು, ಫಳಫಳ ಹೊಳೆಯುತ್ತಿತ್ತು, ಉಳಿದರ್ಧ ಹಳೆಯದು, ಮಂಕು. ಆ ಮಂಕಿನೊಳಗೆ ಬಿಳಿಯ ಪುಡಿ ಇಳಿದು ಗಟ್ಟಿಯಾಗಿತ್ತು. ಅವ್ವ ಬಳಿದ ದಿನವೇ ಅಲ್ಲಿ ಬಿರುಕಿತ್ತು. ಅವಳು ಅದರ ಮೇಲೆಯೇ ಬಳಿದಿದ್ದಳು.

ಮಾದೇಶನ ಬಲಗೈ ಈಗ ಭುಜದಿಂದ ಮೇಲೇಳುವುದಿಲ್ಲ. ಅಂಗಿ ತೊಡುವಾಗ ಅವ್ವ ತೋಳು ಹಿಡಿಯುತ್ತಾಳೆ. ಆಸ್ಪತ್ರೆಯಲ್ಲಿ ಅವನ ಕಾಲ ಬಳಿ ಕುಳಿತು ಅವಳು ಹೇಳಿದ್ದು ಒಂದೇ ಮಾತು: “ಈಬೂತಿ ಇಕ್ಕಿದ್ದಕ್ಕೆ ಜೀವ ಒಂದು ಉಳೀತು ಕಣ್ಲಾ.” ನಾನು ಹೂಂ ಎಂದೆ. ಆ ನಂಬಿಕೆಯೊಂದೇ ಅವಳನ್ನು ಕುಸಿಯದಂತೆ ನಿಲ್ಲಿಸಿತ್ತು. ಅದನ್ನು ತೆಗೆದರೆ ಅವಳ ಪಾಲಿಗೆ ಉಳಿಯುವುದು ಬಿರುಕು ಮುಚ್ಚಿದ ತನ್ನದೇ ಮೂರು ಬೆರಳು. ಮುರಿದದ್ದನ್ನು ಎಸೆಯಲು ಮಾದೇಶ ಬಿಡಲಿಲ್ಲ. ಹಾಗಾಗಿ ಗೋಡೆಗೆ ಬಂತು, ಆ ಮಗ್ಗುಲು ಒಳಗಾಗಿ.

ಪ್ರೀತಿಯಿಂದ ಮುಚ್ಚಿದ ಜಾಗವನ್ನು ಯಾರೂ ತೆರೆದು ನೋಡುವುದಿಲ್ಲ. ಲೋಹ ದಣಿದರೂ ಬೆನ್ನಿಗೆ ಹೇಳುವುದಿಲ್ಲ. ಕಲ್ಲಿನ ಸುದ್ದಿಯನ್ನೆಲ್ಲ ತಂದು ಒಪ್ಪಿಸುತ್ತಿದ್ದ ಫ್ರೇಮು ತನ್ನ ಸುದ್ದಿಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತ್ತು.

ಈ ಸಲದ ಆಯುಧಪೂಜೆಗೆ ಮುಂಚೆ ಅವ್ವ ಫ್ರೇಮನ್ನು ಇಳಿಸಿಟ್ಟು ಗೋಡೆಗೆ ಸುಣ್ಣ ಹೊಡೆದಳು. ನಾನು ಹೊಲದಿಂದ ಬರುವಷ್ಟರಲ್ಲಿ ಫ್ರೇಮು ಮೊದಲಿನಂತೆಯೇ ಗೋಡೆಯಲ್ಲಿತ್ತು, ಅದೇ ಮಗ್ಗುಲು ಒಳಗಾಗಿ. ಪೂಜೆಗೆಂದು ಮರುದಿನ ಕೆಳಗಿಳಿಸಿ ತಿರುಗಿಸಿದೆ. ಮೂರು ಗೆರೆಗಳೂ ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿರುಕಿನೊಳಗಿನ ಬಿಳುಪನ್ನೂ ಕಡ್ಡಿಯಿಂದ ಕೆದಕಿ ತೆಗೆದಿದ್ದರು.

ಅವ್ವ ತಟ್ಟೆ ಹಿಡಿದು ಬಂದಳು. ನನ್ನ ಹಳೆಯ ಸೈಕಲ್ಲಿನ ಕತ್ತನ್ನು ಸೆರಗಿನಿಂದ ಉಜ್ಜಿ, ಬಗ್ಗಿ, ಹೆಬ್ಬೆರಳಾಡಿಸಿ ನೋಡಿದಳು. “ಎಲ್ಲಿಗಿಕ್ಕನ್ಲಾ?” ಎಂದಳು. ಹಿಂದೆಂದೂ ಕೇಳಿದವಳಲ್ಲ. ಸೀಟಿಗೆ ಇಕ್ಕವ್ವ ಎಂದೆ. ಸಣ್ಣದೊಂದು ಬೊಟ್ಟಿಟ್ಟು ಒಳಗೆ ಹೋದಳು.

ಫ್ರೇಮನ್ನು ಕೈಯಲ್ಲಿ ಹಿಡಿದು, ಯಾವ ಮಗ್ಗುಲನ್ನು ಹೊರಗಿಡಲೆಂದು ತುಸು ಹೊತ್ತು ನಿಂತೆ. ನಾನು ಅವಳಿಂದ ಬಚ್ಚಿಟ್ಟದ್ದನ್ನೇ ಈಗ ಅವಳು ನಮ್ಮಿಂದ ಬಚ್ಚಿಡುತ್ತಿದ್ದಳು. ಮತ್ತೆ ಗೋಡೆಗೇ ಮುಖ ಮಾಡಿಸಿ ಮೊಳೆಗೆ ಸಿಕ್ಕಿಸಿದೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೇರವಾಯಿತೇ ಎಂದು ಕೇಳಿದೆ.

“ಆಯ್ತು. ಅಂಗೇ ಇರ್ಲಿ ಬುಡು” ಎಂದಳು.