ಸಹಿ ಮೊದಲು, ಬರಹ ಆಮೇಲೆ

ರೋಹಿಣಿಗೆ ಹೆದರಿಕೆ ಅಂದರೆ ಏನೆಂದು ಗೊತ್ತಾದದ್ದು ಅರವತ್ತೆರಡನೇ ವಯಸ್ಸಿನಲ್ಲಿ, ಅದೂ ಒಂದು ಸ್ವಿಚ್ಚಿನಿಂದ. ಅಲ್ಲಿಯವರೆಗೆ ಅವಳು ಯಾರಿಗೂ ಹೆದರಿದವಳಲ್ಲ. ಕೋಲಸಿರ್ಸಿಯಿಂದ ದಿನಾ ಬಂದು ಸಿದ್ದಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದಳು. ಎಷ್ಟೋ ಸಾಹೇಬರು ಬಂದರು, ಹೋದರು, ರೋಹಿಣಿ ಬರೆದ ಕಡತದಲ್ಲಿ ಒಂದು ಚಿತ್ತು ಹುಡುಕಿದವರಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ ಪುರುಸೊತ್ತಾಗಲಿಲ್ಲ ಅನ್ನುವಳು. ನಿವೃತ್ತಿಯಾದ ಮೇಲೆ ಶಿರಸಿಯಲ್ಲಿ ಹನ್ನೆರಡು ಮನೆಗಳ ಒಂದು ಅಪಾರ್ಟ್‌ಮೆಂಟಿನ ಮೊದಲ ಮಹಡಿಯಲ್ಲಿ ಮನೆ ಕೊಂಡಳು. ಅಲ್ಲಿಗೆ ಹೋಗಿ ತಿಂಗಳಾಗುವುದರೊಳಗೇ ಅವಳನ್ನು ಅಲ್ಲಿನ ಮನೆಯವರ ಸಂಘದ ಕಾರ್ಯದರ್ಶಿ ಮಾಡಿ ಕೂರಿಸಿದರು. ಅಕ್ಷರ ದುಂಡಗಿದ್ದದ್ದೇ ತಪ್ಪಾಯಿತು ನೋಡಿ.

ಹನ್ನೆರಡು ಮನೆ, ಹನ್ನೆರಡು ಬಾಯಿ. ತಾರಸಿಯ ಮೇಲೆ ಒಬ್ಬರು ಅಡಿಕೆ ಒಣಗಿಸುತ್ತಾರೆ, ಇನ್ನೊಬ್ಬರು ಹಲಸಿನ ಹಪ್ಪಳ ಹರಡುತ್ತಾರೆ, ಇಬ್ಬರಿಗೂ ಬಿಸಿಲು ಒಂದೇ. ರೋಹಿಣಿ ಸೀಮೆಸುಣ್ಣ ಹಿಡಿದು ಮೇಲೆ ಹೋಗಿ ಗೆರೆ ಎಳೆದು ಬಂದಳು, ಜಗಳ ಮುಗಿಯಿತು. ಬಾಗಿಲೆದುರು ಚಪ್ಪಲಿ ರಾಶಿ ಹಾಕುವವರ ಚಪ್ಪಲಿಗಳನ್ನು ಎರಡು ದಿನ ತನ್ನ ಮನೆಯಲ್ಲೇ ಇಟ್ಟುಕೊಂಡಳು, ಅದೂ ಮುಗಿಯಿತು. ಎಲ್ಲರೂ ಅವಳನ್ನು ರೋಹಿಣಿಯಕ್ಕ ಅನ್ನುತ್ತಿದ್ದರು, ಅಧ್ಯಕ್ಷರಾದ ಚಂದ್ರಶೇಖರಪ್ಪನವರು ಮಾತ್ರ ಮ್ಯಾಡಂ ಅನ್ನುತ್ತಿದ್ದರು. ಬನವಾಸಿ ಕಡೆ ಶುಂಠಿ, ಅನಾನಸು ಬೆಳೆಯುವ ದೊಡ್ಡ ಕುಳ ಅವರು. ಸಭೆ ಅಂದರೆ ಅವರಿಗೆ ಹತ್ತು ನಿಮಿಷದ ಕೆಲಸ. ಚಹಾ ಕುಡಿದು, ಖಾಲಿ ಹಾಳೆಯ ಬುಡದಲ್ಲಿ ಎಲ್ಲರೂ ಸಹಿ ಹಾಕಿ ಎದ್ದು ಹೋಗುವುದು. ಏನು ತೀರ್ಮಾನವಾಯಿತೆಂದು ಮೇಲಿನ ಜಾಗದಲ್ಲಿ ರೋಹಿಣಿ ಆಮೇಲೆ ಬರೆದು, ಫೋಟೋ ತೆಗೆದು, ವಾಟ್ಸಾಪ್ ಗುಂಪಿಗೆ ಹಾಕುವುದು. ಇದು ಸರಿಯಲ್ಲ ಎಂದು ಅವಳು ಮೊದಲ ಸಭೆಯಲ್ಲೇ ಹೇಳಿದ್ದಳು. ಯಾರು ಕೇಳುತ್ತಾರೆ?

ಏಪ್ರಿಲಿನ ಆ ಶನಿವಾರ ಅವಳು ಯಲ್ಲಾಪುರಕ್ಕೆ, ಗೆಳತಿಯ ಮಗನ ಮದುವೆಗೆ ಹೊರಟಿದ್ದಳು. ಎಂಟು ಗಂಟೆಗೆ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಮೋಟರ್ ಹಾಕುವುದು ಕಾವಲುಗಾರ ಹುಚ್ಚನ ಕೆಲಸ, ಹುಚ್ಚ ಅಂದರೆ ಹೆಸರಷ್ಟೇ. ಅವನನ್ನು ಅಧ್ಯಕ್ಷರು ಗೇಟಿನ ಬೀಗದ ರಿಪೇರಿಗೆ ಪೇಟೆಗೆ ಕಳಿಸಿದ್ದರು. ರೋಹಿಣಿ ತಾನೇ ಮೆಟ್ಟಿಲ ಕೆಳಗಿನ ಮೋಟರ್ ಸ್ವಿಚ್ಚಿನ ಹತ್ತಿರ ಹೋದಳು. ಸ್ವಿಚ್ಚು ಆಫ್ ಆಗಿತ್ತು, ಅದನ್ನು ಕಣ್ಣಾರೆ ನೋಡಿದಳು. ಒತ್ತಿದಳು. ಸದ್ದಿಲ್ಲ. ಅಯ್ಯೋ, ಕರೆಂಟೇ ಇಲ್ಲವಲ್ಲ ಅಂದುಕೊಂಡಳು. ಅಷ್ಟರಲ್ಲಿ ಹೊರಗೆ ಆಟೋದವನು ಹಾರ್ನ್ ಹೊಡೆದ. ಸೀರೆ ನೆರಿಗೆ ಎತ್ತಿಕೊಂಡು ಓಡಿದಳು. ಒತ್ತಿದ ಸ್ವಿಚ್ಚನ್ನು ತೆಗೆಯಲಿಲ್ಲ, ಅದು ಆನ್ ಆಗಿಯೇ ಉಳಿಯಿತು.

ಹತ್ತು ಗಂಟೆಗೆ ಕರೆಂಟು ಬಂತು. ಹಾಕಿಟ್ಟೇ ಇದ್ದ ಮೋಟರ್ ತಾನಾಗಿ ಓಡಿತು. ತಾರಸಿಯ ಟ್ಯಾಂಕು ತುಂಬಿ ಹರಿದು, ನೀರು ಪಕ್ಕದ ಲಿಫ್ಟ್ ಕೋಣೆಗೆ ನುಗ್ಗಿತು. ಲಿಫ್ಟು ಎರಡನೇ ಮೂರನೇ ಮಹಡಿಗಳ ನಡುವೆ ಸತ್ತು ನಿಂತಿತು. ಒಳಗಿದ್ದದ್ದು ನಾಲ್ಕನೇ ಮಹಡಿಯ ಸುಹಾಸನ ಮಗಳು ಅಭಿಜ್ಞಾ, ಏಳು ವರ್ಷದ್ದು, ಒಂಟಿಯಾಗಿ, ಕತ್ತಲೆಯಲ್ಲಿ. ಅಗ್ನಿಶಾಮಕದವರು ಬಂದು ಬಾಗಿಲು ಸರಿಸುವಾಗ ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತೂ, ಆಗಷ್ಟೇ ಪೇಟೆಯಿಂದ ಮರಳಿದ್ದ ಹುಚ್ಚ ಬಾಗಿಲ ಸಂದಿಗೆ ಬಾಯಿಟ್ಟು, ಮಗುವಿಗೆ ನರಿಯ ಕತೆ, ಮಂಗನ ಕತೆ, ತಾನು ಜೇನು ಕಿತ್ತ ಕತೆ ಹೇಳುತ್ತಲೇ ಇದ್ದನಂತೆ. ಹೊರಗೆ ತಂದಾಗ ಮಗುವಿನ ಮುಖ ಸುಣ್ಣ ಬಳಿದ ಹಾಗಾಗಿತ್ತು. ಮೂರು ದಿನ ಮಾತಾಡಲಿಲ್ಲ. ಈಗ ಮೆಟ್ಟಿಲು ಹತ್ತುವುದೂ ಹುಚ್ಚನ ಕೈ ಹಿಡಿದುಕೊಂಡೇ.

ಯಲ್ಲಾಪುರದಿಂದ ಬಂದವಳಿಗೆ ಸುದ್ದಿ ಸಿಕ್ಕಿದ್ದು ಗೇಟಿನಲ್ಲೇ. ರೋಹಿಣಿ ಗೇಟು ಹಿಡಿದು ಅಲ್ಲೇ ಕುಳಿತುಬಿಟ್ಟಳು. ನೋಡಿದವರು ಪಾಪ, ಮಗುವಿನ ಮೇಲೆ ಎಷ್ಟು ಜೀವ ಅಂದರು! ಅಂದಿನಿಂದ ಅವಳಿಗೆ ನಿದ್ದೆ ಹೋಯಿತು, ಊಟ ಸೇರಲಿಲ್ಲ. ಕರೆಗಂಟೆ ಬಾರಿಸಿದರೆ ಪೊಲೀಸರು ಅನ್ನಿಸುತ್ತಿತ್ತು. ದಿನಾ ನಾಲ್ಕನೇ ಮಹಡಿಗೆ ಹತ್ತಿ ಮಗು ಹೇಗಿದೆ ಎಂದು ಕೇಳಿ ಬರುವಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದಿದ್ದರೆ ಅನುಮಾನ ಬಂದೀತೆಂಬ ಭಯ ಬೇರೆ. ಯಾರೋ ಮೆಟ್ಟಿಲ ಬಳಿಯ ಕ್ಯಾಮೆರಾ ನೋಡೋಣ ಅಂದ ದಿನ ಅವಳು ಎಲ್ಲರ ಬೆನ್ನ ಹಿಂದೆ ನಿಂತಳು. ನೋಡಿದರೆ ಬೆಳಗ್ಗೆ ಏಳರಿಂದ ಹತ್ತರವರೆಗೆ ಚಿತ್ರವೇ ಇಲ್ಲ. ಕರೆಂಟಿಲ್ಲದ ಮೇಲೆ ಕ್ಯಾಮೆರಾ ಏನು ನೋಡುತ್ತದೆ, ಮಣ್ಣು? ಬದುಕಿದೆ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ತನ್ನ ಮೇಲೇ ಅಸಹ್ಯವಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಲ್ಲರ ಬೆರಳೂ ಹುಚ್ಚನ ಕಡೆ ತಿರುಗಿತು. ಅವನೂ ಕೋಲಸಿರ್ಸಿಯವನೇ, ಅರವತ್ತೆಂಟು ವರ್ಷದ ಒಂಟಿ ಜೀವ. ಅವತ್ತು ಏಳಕ್ಕೆ ತುಸು ಮೊದಲು ಮೋಟರ್ ಹಾಕಿದ್ದು ಹೌದು, ಅದು ಓಡುತ್ತಿರುವಾಗಲೇ ಕರೆಂಟು ಹೋದದ್ದೂ ಹೌದು. ಸ್ವಿಚ್ಚು ತೆಗೆದೆಯೋ ಇಲ್ಲವೋ ಎಂದು ಹತ್ತು ಜನ ಹತ್ತು ಸಲ ಕೇಳಿದರು. ಮೊದಮೊದಲು ತೆಗೆದೆ ಅಂದ. ಕೇಳಿ ಕೇಳಿ ಅವನಿಗೇ ಅನುಮಾನ ಬಂತು. ಅವನ ಅಪ್ಪನಿಗೆ ಕೊನೆಗಾಲದಲ್ಲಿ ಮರೆವು ಬಂದು, ಸ್ವಂತ ಮನೆಯ ದಾರಿ ತಪ್ಪಿ ಗದ್ದೆಯಲ್ಲಿ ಬಿದ್ದು ಸತ್ತಿದ್ದ. ಅದೇ ರೋಗ ತನಗೂ ಬಂತೆಂದು ಹುಚ್ಚ ಒಳಗೊಳಗೇ ನಡುಗತೊಡಗಿದ. ಸ್ವಿಚ್ಚು ಆಫ್ ಆಗಿದ್ದದ್ದನ್ನು ನೋಡಿದ ಜೀವ ಭೂಮಿಯ ಮೇಲೆ ಒಂದೇ ಇತ್ತು, ಅದು ಬಾಯಿ ಬಿಡಲಿಲ್ಲ.

ಮರುವಾರ ಭಾನುವಾರ ಹನ್ನೊಂದಕ್ಕೆ ವಾಹನ ನಿಲ್ಲಿಸುವ ಜಾಗದಲ್ಲಿ ಸಭೆ. ಸುಹಾಸ ಕಾಲೇಜು ಮೇಷ್ಟ್ರು, ದನಿ ಎತ್ತಿದವನಲ್ಲ. ಅವತ್ತೂ ಎತ್ತಲಿಲ್ಲ. ಪೊಲೀಸರಿಗೆ ದೂರು ಕೊಡುವುದು ಬೇಡ ಅಂದರೆ ಬೇಡ, ಆದರೆ ತಪ್ಪು ಯಾರದ್ದೆಂದು ಪುಸ್ತಕದಲ್ಲಿ ಬರೆಯಬೇಕು, ನಾಳೆ ಮಗುವಿಗೆ ಏನಾದರೂ ಆದರೆ ಅದೇ ಹಾಳೆ ಹಿಡಿದು ಕೋರ್ಟಿಗೆ ಹೋಗುತ್ತೇನೆ ಅಂದ. ಕೋರ್ಟು ಎಂಬ ಮಾತಿಗೆ ರೋಹಿಣಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಹುಚ್ಚನನ್ನು ಇವತ್ತೇ ಕಳಿಸುವುದೆಂದು ಚಂದ್ರಶೇಖರಪ್ಪ ತೀರ್ಮಾನ ಹೇಳಿಯೇಬಿಟ್ಟರು.

“ಸೈನ್ ಮಾಡ್ರಿ ಎಲ್ಲಾರೂ,” ಎಂದು ಅವರೇ ಮೊದಲು ಖಾಲಿ ಹಾಳೆಗೆ ಸಹಿ ಗೀಚಿದರು. “ಮ್ಯಾಡಮ್ಮೋರು ಆಮ್ಯಾಲೆ ಚಂದಾಗಿ ಬರೀತಾರ.”

ರೋಹಿಣಿ ಎದ್ದು ನಿಂತಳು. ಹೇಳಿಬಿಡಬೇಕು ಎಂದೇ ನಿಂತಳು. ಎಲ್ಲರೂ ಅವಳ ಮುಖ ನೋಡಿದರು. ಬಾಯಿ ತೆರೆದರೆ ಬಂದ ಮಾತು, ಪೆನ್ನು ಬೇಕಾ ಎಂಬುದು. ಹನ್ನೊಂದು ಸಹಿ ಬಿದ್ದವು. ಜನ ಊಟಕ್ಕೆ ಹೋದರು.

ಹುಚ್ಚ ಅವಳ ಮನೆ ಬಾಗಿಲಿಗೆ ಬಂದು ಬೀಗದ ಕೈ ಗೊಂಚಲನ್ನು ಹೊಸ್ತಿಲ ಮೇಲಿಟ್ಟ. ಬಗಲಲ್ಲಿ ಒಂದು ಕೈಚೀಲ, ಅಷ್ಟೇ ಅವನ ಸಂಸಾರ.

“ಅಮ್ಮಾ, ನಾನೇ ತೆಗಿಲಿಲ್ಲ ಕಾಣ್ತದೆ. ನೆಪ್ಪೇ ಇಲ್ಲ. ಬೇಕಂತ ಮಾಡಿದ್ದಲ್ಲ ಅಂತ ಒಂದು ಮಾತು ಬರೀರಿ ಆ ಪುಸ್ತಕದಾಗೆ. ಆ ಹುಡುಗಿ ದೊಡ್ಡೋಳಾದ ಮೇಲೆ ಓದಿದ್ರೆ ನನ್ನ ಬಗ್ಗೆ ಕೆಟ್ಟದಾಗಬಾರ್ದು.”

ಎರಡು ಗಂಟೆ ಬಸ್ಸಿಗೆ ಹೋಗ್ತೆ ಅಂತ ಹೇಳಿ ಮೆಟ್ಟಿಲಿಳಿದ. ರೋಹಿಣಿ ಬಾಗಿಲು ಹಾಕಿ ಅದಕ್ಕೇ ಒರಗಿ ಕುಳಿತಳು. ಮನೆ ಹೋಗುತ್ತದೆ, ಮಾನ ಹೋಗುತ್ತದೆ, ಈ ವಯಸ್ಸಿನಲ್ಲಿ ಕಟಕಟೆ ಹತ್ತಬೇಕಾಗುತ್ತದೆ. ಎಲ್ಲವೂ ಕಣ್ಣೆದುರು ಬಂತು. ಆದರೂ ಎದ್ದು ಮೇಜಿಗೆ ಹೋಗಿ ಪುಸ್ತಕ ತೆರೆದಳು. ಕೆಳಗೆ ಹನ್ನೊಂದು ಸಹಿ, ಮೇಲೆಲ್ಲ ಬಿಳಿ. ಏನು ಬರೆದರೂ ಅದೇ ತೀರ್ಮಾನ.

ಬರೆದಳು. ಕಾವಲುಗಾರ ಹುಚ್ಚನು ಸ್ವಿಚ್ಚು ತೆಗೆದೇ ಇಟ್ಟಿದ್ದನ್ನು ಅಂದು ಬೆಳಗ್ಗೆ ಎಂಟಕ್ಕೆ ಕಾರ್ಯದರ್ಶಿ ರೋಹಿಣಿ ಕಣ್ಣಾರೆ ಕಂಡಿರುತ್ತಾರೆ. ಕರೆಂಟಿಲ್ಲದಾಗ ಅದನ್ನು ಮತ್ತೆ ಹಾಕಿ, ತೆಗೆಯದೆ ಊರಿಗೆ ಹೋದವರು ಅವರೇ. ಮಗುವಿಗಾದ ತೊಂದರೆಗೆ ಅವರೇ ಹೊಣೆ. ಹುಚ್ಚನ ತಪ್ಪು ಏನೂ ಇರುವುದಿಲ್ಲ, ಅವನನ್ನು ಕೆಲಸದಲ್ಲಿ ಮುಂದುವರಿಸಲು ಸಭೆ ಒಪ್ಪಿತು. ಕೊನೆಯ ಸಾಲು ಸೊಟ್ಟಗಾಯಿತು. ಜನ್ಮದಲ್ಲಿ ಮೊದಲ ಸಲ ಒಂದು ಚಿತ್ತೂ ಆಯಿತು. ಹನ್ನೆರಡನೆಯ ಸಹಿ ಹಾಕಿ, ಫೋಟೋ ತೆಗೆದು, ಕಣ್ಣು ಮುಚ್ಚಿಕೊಂಡು ಗುಂಪಿಗೆ ಕಳಿಸಿದಳು.

ಎರಡು ನಿಮಿಷಕ್ಕೆ ಚಂದ್ರಶೇಖರಪ್ಪನವರ ಫೋನು.

“ಮ್ಯಾಡಂ, ಇದಕ್ಕ ನಾ ಸೈನ್ ಮಾಡೇನೇನ್ರಿ?”

“ಮೊದಲು ಮಾಡಿದ್ದೇ ನೀವು,” ಅಂದಳು ರೋಹಿಣಿ.

ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಸುಹಾಸ. ಕೈಯಲ್ಲಿ ಫೋನು, ಕಣ್ಣು ಕೆಂಪಗೆ.

“ಎಂಟು ದಿನ ಮನೆಗೆ ಬಂದು ಮಗು ಹೇಗಿದೆ ಅಂತ ಕೇಳಿದ್ರಿ ನೀವು.”

ನಿಮ್ಮ ವಿಷಯ ನಾಳೆ ನೋಡ್ತೇನೆ ಅಂದ ಸುಹಾಸ. ಕೆಳಗೆ ಮೊದಲ ಮೆಟ್ಟಿಲ ಮೇಲೆ ಅಭಿಜ್ಞಾ ಮಂಡಿ ತಬ್ಬಿಕೊಂಡು ಕೂತಿದ್ದಳು.

“ಹುಚ್ಚಜ್ಜ ಬರದೇ ಆನು ಬತ್ನಿಲ್ಲೆ,” ಎಂದು ಅಲ್ಲಿಂದಲೇ ಅಪ್ಪನಿಗೆ ಹೇಳಿದಳು, ಅವನಿಲ್ಲದೆ ಮೇಲೆ ಹತ್ತಲೊಲ್ಲಳು.

ರೋಹಿಣಿ ಹೊಸ್ತಿಲ ಮೇಲಿದ್ದ ಬೀಗದ ಕೈ ಎತ್ತಿಕೊಂಡು ಇಳಿದಳು. ನಾಳೆಯ ಹೆದರಿಕೆ ಹೋಗಿರಲಿಲ್ಲ, ಅದನ್ನೂ ಹೊತ್ತುಕೊಂಡೇ ಬಿಸಿಲಲ್ಲಿ ಬಸ್ ನಿಲ್ದಾಣದವರೆಗೆ ಹೋದಳು. ಸಿದ್ದಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಹುಚ್ಚ ಕಲ್ಲುಬೆಂಚಿನ ತುದಿಯಲ್ಲಿ ಕೂತು, ಗಾಳಿಯಲ್ಲೇ ಬೆರಳಿಂದ ಸ್ವಿಚ್ಚು ಹಾಕಿ ತೆಗೆದು ನೋಡುತ್ತಿದ್ದ.

“ಹುಚ್ಚಣ್ಣ, ಅವತ್ತು ನೀನು ಸ್ವಿಚ್ಚು ತೆಗ್ದಿದ್ದೆ. ನಾನು ನೋಡಿದ್ದೆ.”

“ತೆಗ್ದಿದ್ನಾ?” ಅವನು ಅವಳ ಮುಖವನ್ನೇ ನೋಡಿದ. “ಹಂಗಾರೆ ನಂಗೆ ಅಪ್ಪನ ಮರೆವು ಬಂದಿಲ್ಲ?”

“ಇಲ್ಲ.”

ಹುಚ್ಚ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಕೇಳಿದ, ಹಾಗಾದರೆ ಹಾಕಿದ್ದು ಯಾರು ಅಂತ.

“ನಾನು,” ಅಂದಳು ರೋಹಿಣಿ.