ದಿಕ್ಕಿಲ್ಲದ ಅಜ್ಜಿ ಬರೆದ ಚಿತ್ತಾರ

ನನ್ನ ಅಮ್ಮ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು. ಇವತ್ತು ಹೆಂಡತಿ ಮಕ್ಕಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಓಡಾಡುವ ಊರಿನ ಅರ್ಧ ಜನಕ್ಕೆ ಸ್ಲೇಟಿನ ಮೇಲೆ ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಬೆಳಿಗ್ಗೆ ಪೇಪರ್ ಬಂದರೆ ವಾಚಕರ ಪತ್ರಗಳನ್ನೂ ಬಿಡದೆ ಓದಿ ಮುಗಿಸಿಯೇ ಅಪ್ಪನ ಕೈಗೆ ಕೊಡುವವಳು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಊರೂರಿನ ಜನ ಮೊಬೈಲಿನಲ್ಲಿ ನೋಡಿ ಮರುಗಿದ ನನ್ನ ಅಮ್ಮನಿಗೆ ಓದು ಬರಹ ಬರುವುದಿಲ್ಲ, ಗಂಡನಿಲ್ಲ, ಮಕ್ಕಳು ತಿರುಗಿಯೂ ನೋಡುವುದಿಲ್ಲ. ಆ ಅಮ್ಮನನ್ನು ಹುಟ್ಟಿಸಿದ್ದು ನನ್ನ ಗೆಳತಿ. ಹುಟ್ಟಿಸಲು ಬಿಟ್ಟದ್ದು ನಾನು.

ಸಾಗರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಅರ್ಜಿ, ಅಫಿಡವಿಟ್, ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಸಂಜೆ ಅಂಗಡಿ ಮುಚ್ಚಿ ಹೊಸನಗರದ ಬಸ್ಸು ಹತ್ತಿ ದಾರಿಯಲ್ಲೇ ಸಿಗುವ ನಮ್ಮೂರಿನಲ್ಲಿ ಇಳಿಯುತ್ತೇನೆ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುವುದುಂಟು. ಅಮ್ಮ ನಿವೃತ್ತಳಾದ ಮೇಲೆ ಅದನ್ನೇ ಸಣ್ಣ ಹಲಗೆಗಳ ಮೇಲೆ, ಬುಟ್ಟಿಗಳ ಮೇಲೆ ಬರೆಯತೊಡಗಿದಳು. ಅಪ್ಪ ಪುಂಡಿ ಗಿಡದ ನಾರು ಸುಲಿದು, ತುದಿ ಜಜ್ಜಿ ಕುಂಚ ಮಾಡಿಕೊಡುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಫೋಟೋ ತೆಗೆದು ಮೊಬೈಲಿನಲ್ಲಿ ಹಾಕುತ್ತಿದ್ದೆ. ಚೆನ್ನಾಗಿದೆ ಎನ್ನುವವರಿಗೆ ಬರವಿರಲಿಲ್ಲ, ಕೊಳ್ಳುವವರು ಮಾತ್ರ ಅಪರೂಪ.

ಗೆಳತಿ ಬಂದದ್ದು ಆಗ. ಸಾಗರದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳೀಗ ಶಿವಮೊಗ್ಗದಲ್ಲಿ ಸಣ್ಣ ಸಣ್ಣ ಆನ್‌ಲೈನ್ ಅಂಗಡಿಗಳಿಗೆ ಮಾರ್ಕೆಟಿಂಗ್ ಮಾಡಿಕೊಡುತ್ತಿದ್ದಳು. "ನೀನು ಬರೀ ಫೋಟೋ ಹಾಕ್ತೀಯ. ಅದು ಮಾರ್ಕೆಟಿಂಗ್ ಅಲ್ಲ ಕಣೆ" ಎಂದಳು. "ನಾವಿಬ್ರೂ ಪಾರ್ಟ್‌ನರ್ ಆಗೋಣ. ಮಾಡೋದು, ಕಟ್ಟೋದು, ಕಳ್ಸೋದು ನಿಂದು. ಜನಕ್ಕೆ ತೋರ್ಸೋದು ನಂದು." ಹೊಸ ಪೇಜನ್ನು ಅವಳೇ ತೆರೆದಳು, ಅವಳದೇ ನಂಬರಿನಲ್ಲಿ. ಕಾಗದ ಪತ್ರ ಏನೂ ಆಗಲಿಲ್ಲ. ದಿನಕ್ಕೆ ಹತ್ತು ಕರಾರು ಟೈಪ್ ಮಾಡುವವಳು ನಾನು, ನನ್ನದೇ ವ್ಯವಹಾರಕ್ಕೆ ಒಂದು ಹಾಳೆ ಟೈಪ್ ಮಾಡಲಿಲ್ಲ. ಗೆಳತಿಯ ಹತ್ತಿರ ಎಂತಹ ಕಾಗದ ಎಂದುಕೊಂಡೆ.

ಮೊದಲಿನ ತಿಂಗಳುಗಳಲ್ಲಿ ಅವಳು ಮಾಡಿದ್ದು ಒಳ್ಳೆಯ ಕೆಲಸವೇ. ಎಷ್ಟೇ ಸಿಟ್ಟಿದ್ದರೂ ಅದನ್ನು ಇಲ್ಲ ಎನ್ನಲಾರೆ. ನಿಟ್ಟೂರಿನ ಹತ್ತಿರ ಹೋಮ್‌ಸ್ಟೇ ನಡೆಸುವ ಒಬ್ಬ ಹೆಂಗಸನ್ನು ಮಾತಾಡಿಸಿ, ಅವರ ಕೋಣೆಗಳ ಗೋಡೆಗೆ ನಮ್ಮ ಹಲಗೆಗಳನ್ನು ತೂಗುಹಾಕಿಸಿದಳು. ಪಕ್ಕದಲ್ಲೊಂದು ಕ್ಯೂಆರ್ ಕೋಡಿನ ಚೀಟಿ. ಕೊಡಚಾದ್ರಿ ಹತ್ತಲು ಬಂದವರು ಅದನ್ನು ಸ್ಕ್ಯಾನ್ ಮಾಡಿ ಅಲ್ಲಿಂದಲೇ ಆರ್ಡರ್ ಮಾಡುತ್ತಿದ್ದರು. ತೀರ್ಥಹಳ್ಳಿಯ ಒಂದು ಬಟ್ಟೆ ಅಂಗಡಿಯವರು ಮದುವೆ ಸೀರೆ ಕೊಂಡವರಿಗೆ ನಮ್ಮ ಚಿತ್ತಾರದ ತಟ್ಟೆ ಕೊಡಲು ಒಪ್ಪಿದರು. ಅವರ ಅಂಗಡಿಯ ಹೆಸರು ನಮ್ಮ ಪೇಜಿನಲ್ಲಿ, ನಮ್ಮ ತಟ್ಟೆ ಅವರ ಅಂಗಡಿಯಲ್ಲಿ. ಒಬ್ಬರ ಗಿರಾಕಿ ಇನ್ನೊಬ್ಬರಿಗೂ ಗಿರಾಕಿಯಾಗುವ ಈ ಲೆಕ್ಕ ನನಗೆ ಇಷ್ಟವಾಗಿತ್ತು.

ಆಮೇಲೆ ಅವಳಿಗೆ ಸ್ಟೋರಿ ಬೇಕಾಯಿತು.

"ಜನ ಹಲಗೆ ಕೊಳ್ಳಲ್ಲ, ಹಲಗೆ ಹಿಂದಿನ ಸ್ಟೋರಿ ಕೊಳ್ತಾರೆ" ಎನ್ನುತ್ತ ಒಂದು ದಿನ ಕ್ಯಾಮೆರಾದವನನ್ನು ಕರೆದುಕೊಂಡು ಮನೆಗೇ ಬಂದಳು. ಅಮ್ಮ ಅವತ್ತು ಇಸ್ತ್ರಿ ಮಾಡಿದ ಹತ್ತಿ ಸೀರೆ ಉಟ್ಟು, ತಲೆ ಬಾಚಿ, ಜಗಲಿಯಲ್ಲಿ ಹಲಗೆಗಳನ್ನು ಸಾಲಾಗಿ ಜೋಡಿಸಿ ಕಾಯುತ್ತಿದ್ದಳು. ಗೆಳತಿ ನಗುತ್ತಲೇ ಒಂದೊಂದಾಗಿ ಶುರು ಮಾಡಿದಳು. ಅಮ್ಮನ ಕನ್ನಡಕ ತೆಗೆಸಿದಳು. ವಾಚು ತೆಗೆಸಿದಳು. ಜಗಲಿಯ ಟೈಲ್ಸ್ ಕಾಣಬಾರದೆಂದು ಹಳೆಯ ಕೊಟ್ಟಿಗೆಯ ಮುಂದೆ ಕೂರಿಸಿದಳು. ಕೊನೆಗೆ, "ಆಂಟಿ, ಗದ್ದೆ ಕೆಲ್ಸಕ್ಕೆ ಉಡೋ ಸೀರೆ ಇದ್ರೆ ಉಟ್ಕೊಂಡ್ ಬರ್ತೀರಾ?" ಎಂದಳು.

ಅಮ್ಮ ನನ್ನ ಮುಖ ನೋಡಿದಳು. ಆ ನೋಟ ಈಗಲೂ ಕಣ್ಣ ಮುಂದಿದೆ. ಅವಳು ಕೇಳಿದ್ದು ನನ್ನನ್ನು, ಬಾಯಿ ತೆರೆಯದೆ. ನಾನು, "ವಿಡಿಯೋ ಅಲ್ವಾ ಅಮ್ಮ, ಸ್ವಲ್ಪ ಹಂಗೆ ಇರ್ತದೆ" ಎಂದೆ. ಅವಳ ವಾಚನ್ನು ನಾನೇ ಇಸಿದುಕೊಂಡು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಪ್ಪನನ್ನು ಕ್ಯಾಮೆರಾದ ಚೌಕಟ್ಟಿನಿಂದ ಆಚೆ ನಿಲ್ಲಿಸಿದರು. ಅವನು ಕೈಯಲ್ಲಿ ಕುಂಚ ಹಿಡಿದುಕೊಂಡು ತೆಂಗಿನ ಮರದ ಬುಡದಲ್ಲಿ ನಿಂತೇ ಇದ್ದ, ತನ್ನನ್ನೂ ಕರೆಯಬಹುದು ಎಂದು.

ವಿಡಿಯೋ ಬಂದ ದಿನ ಅಂಗಡಿಯಲ್ಲಿ ಜನವೋ ಜನ. ಧ್ವನಿ ಇಲ್ಲದೆ ನೋಡಿದೆ. ಅಮ್ಮನ ಬೆರಳು, ಕೆಮ್ಮಣ್ಣು, ಬಿಳಿ ಗೆರೆ. ಚೆನ್ನಾಗಿ ಕಂಡಿತು. ಸಂಜೆಯೊಳಗೆ ಹಿಂದೆಂದೂ ಬಾರದಷ್ಟು ಆರ್ಡರ್ ಬಂದವು. ಮರುದಿನವೂ ಬಂದವು. ವಾರಗಟ್ಟಲೆ ಹಲಗೆ ಸುತ್ತುವುದು, ವಿಳಾಸ ಅಂಟಿಸುವುದು, ಕೊರಿಯರ್‌ಗೆ ಓಡುವುದು, ಇಷ್ಟೇ ಆಯಿತು. ಮನೆಯಲ್ಲಿ ಸಿಗ್ನಲ್ ಸಿಗುವುದು ಅಷ್ಟಕ್ಕಷ್ಟೆ, ಅಮ್ಮ ಅಪ್ಪ ಅದನ್ನು ನೋಡಿರಲಿಲ್ಲ. ನಾನೂ ಧ್ವನಿ ಕೊಟ್ಟು ನೋಡಲಿಲ್ಲ. ಪುರುಸೊತ್ತಿರಲಿಲ್ಲ ಎಂದು ಆಗ ಹೇಳಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ, ನೋಡಲು ಮನಸ್ಸಿರಲಿಲ್ಲ ಎನ್ನುವುದೇ ನಿಜ.

ಒಂದು ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಮನೆ ಹುಡುಕಿಕೊಂಡು ಬಂದರು. ಅರವತ್ತರ ಹತ್ತಿರದವರು. ಪಾರ್ಸಲ್ ಮೇಲಿದ್ದ ವಿಳಾಸ ಹಿಡಿದು, ಎರಡು ಬಸ್ಸು ಬದಲಿಸಿ ಬಂದಿದ್ದರು. ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಅಂಗಳದಲ್ಲಿದ್ದ ಅಪ್ಪನನ್ನು ಪಕ್ಕದ ಮನೆಯವನೆಂದು ತಿಳಿದು, "ಇಲ್ಲಿ ಚಿತ್ತಾರ ಬರಿಯೋ ಅಜ್ಜಿ ಮನೆ ಯಾವ್ದು?" ಎಂದು ಕೇಳಿದರು.

"ಇದೇ. ಅವ್ಳು ಒಳಗೆ ಪೇಪರ್ ಓದ್ತಿದಾಳೆ" ಎಂದ ಅಪ್ಪ. "ನೀವು ಎಲ್ಲಿಂದ ಬಂದ್ರಿ?"

ಅವರು ಗಲಿಬಿಲಿಗೊಂಡರು. ಅಮ್ಮ ಕನ್ನಡಕ ಹಾಕಿಕೊಂಡೇ ಹೊರಗೆ ಬಂದಳು. ಆ ಹೆಂಗಸು ಅಮ್ಮನನ್ನೂ, ಜಗಲಿಯನ್ನೂ, ಮತ್ತೆ ಅಪ್ಪನನ್ನೂ ನೋಡಿದರು. "ನೀವೇನಾ? ವಿಡಿಯೋದಲ್ಲಿ ಯಾರೂ ಇಲ್ಲ ಅಂದಿದ್ರು. ಒಂದು ಚಿತ್ರ ಹೋದ್ರೆ ಒಂದು ಹೊತ್ತು ಊಟ ಅಂತ ಹೇಳಿದ್ರು. ನಾನು ಸುಮ್ನೆ, ಒಂಚೂರು ಅಕ್ಕಿ, ನಂದೇ ನಾಲ್ಕು ಸೀರೆ" ಎನ್ನುತ್ತ ಮಾತು ಅಲ್ಲಿಗೇ ನಿಲ್ಲಿಸಿದರು.

ಅವರು ಫೋನಿನಲ್ಲಿ ಉಳಿಸಿಟ್ಟುಕೊಂಡಿದ್ದ ವಿಡಿಯೋವನ್ನು ಅಮ್ಮ ನೋಡಿದಳು, ಧ್ವನಿ ಸಮೇತ. ನಾನು ಹಿಂದೆ ನಿಂತು ಮೊದಲ ಸಲ ಕೇಳಿದೆ. ಗೆಳತಿಯದೇ ದನಿ, ಅಳು ಬೆರೆಸಿದ ದನಿ. ಅಕ್ಷರ ಬಾರದ ಅಜ್ಜಿ. ಗಂಡನನ್ನು ಕಳೆದುಕೊಂಡ, ಮಕ್ಕಳು ತಿರುಗಿಯೂ ನೋಡದ ಅಜ್ಜಿ. ದಿಕ್ಕಿಲ್ಲದ ಅಜ್ಜಿಯ ಅಳಿದುಹೋಗುತ್ತಿರುವ ಕಲೆ. ಅಪ್ಪನೂ ಪಕ್ಕದಲ್ಲೇ ನಿಂತು ತಾನು ಸತ್ತ ಸುದ್ದಿಯನ್ನು ಪೂರ್ತಿ ಕೇಳಿದ. ಮುಗಿದ ಮೇಲೆ ಕೆಮ್ಮಿ, ದನಕ್ಕೆ ನೀರು ಕೊಡಬೇಕೆಂದು ಕೊಟ್ಟಿಗೆ ಕಡೆ ಹೋದ.

ಅಮ್ಮ ಫೋನು ವಾಪಸು ಕೊಟ್ಟಳು. "ಅಕ್ಕ, ಕೂತ್ಕಳಿ. ತಿಂಡಿ ತಿಂದು ಹೋಗಿ" ಎಂದಳು. ಕಡುಬು ಬಡಿಸಿದಳು. ಅಕ್ಕಿಯನ್ನೂ ಸೀರೆಗಳನ್ನೂ ಹಾಗೇ ವಾಪಸು ಕೊಟ್ಟು, "ನಿಮ್ ಮನಸ್ಸು ದೊಡ್ಡದು. ಬೇಕಿರೋರ್ಗೆ ಕೊಡಿ" ಎಂದಳು. ಆ ಹೆಂಗಸು ತಿಂದದ್ದಕ್ಕಿಂತ ಕ್ಷಮೆ ಕೇಳಿದ್ದೇ ಹೆಚ್ಚು. ತಪ್ಪು ಅವರದಾಗಿರಲಿಲ್ಲ. ಬಸ್ಸಿನವರೆಗೆ ಚೀಲ ಹೊತ್ತುಕೊಂಡು ನಾನು ಹೋದೆ.

ಮನೆಗೆ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು. "ಗಂಡ ಸತ್ತ ಅಂದಿದ್ದು ಇರ್ಲಿ, ಅವ್ನು ಇಲ್ಲೇ ಇದಾನೆ, ಯಾರ್ ಬೇಕಾದ್ರೂ ನೋಡ್ಬೋದು. ಓದಕ್ಕೆ ಬರಲ್ಲ ಅಂದಿದ್ದನ್ನ ನಾನು ಯಾರ್ಗೆ ಹೇಗೆ ತೋರ್ಸ್ಲಿ?"

ಗೆಳತಿಗೆ ಫೋನ್ ಮಾಡಿದೆ. ವಿಡಿಯೋ ತೆಗೆದುಹಾಕು ಎಂದೆ.

"ಈಗ ತೆಗೆದ್ರೆ ಪೇಜೇ ಸಾಯ್ತದೆ ಕಣೆ" ಎಂದಳು, ಏನೂ ಆಗದವಳಂತೆ. "ಅದ್ರಿಂದಾನೇ ಅಲ್ವಾ ನಿಂಗೆ ಇಷ್ಟು ಆರ್ಡರ್ ಬಂದಿದ್ದು? ಆವಾಗ ಯಾಕೆ ಕೇಳ್ಲಿಲ್ಲ?"

"ನಿನ್ನ ಅಪ್ಪ ಸತ್ತಿದಾನೆ ಅಂತ ನಾನು ಊರಿಗೆಲ್ಲ ಹೇಳಿದ್ರೆ ಸುಮ್ನಿರ್ತಿದ್ಯಾ?"

"ಪರ್ಸನಲ್ ಮಾಡ್ಬೇಡ. ಇದು ಬಿಸಿನೆಸ್. ನೆಮ್ಮದಿಯಾಗಿರೋರ ಕೈಲಿ ಯಾರೂ ಏನೂ ಕೊಳ್ಳಲ್ಲ."

ಆ ಮಾತಿಗೆ ನಾನು ಬೈದೆ. ಕಾಲೇಜಿನಲ್ಲಿ ಒಂದೇ ಡಬ್ಬಿಯಿಂದ ಉಂಡವಳಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಫೋನಿಟ್ಟಳು. ಮರುದಿನ ಪೇಜಿನ ಆರ್ಡರುಗಳು ನನಗೆ ಕಾಣದಂತೆ ನನ್ನ ನಂಬರನ್ನು ತೆಗೆದುಹಾಕಿದ್ದಳು. ಪೇಜು ಅವಳದು, ನೋಡುವ ಜನ ಅವಳವರು, ಅಮ್ಮನ ಮುಖವೂ ಅವಳದೇ. ನನ್ನ ಕೈಯಲ್ಲಿ ಉಳಿದದ್ದು ಹಲಗೆಗಳು ಮಾತ್ರ. ಪರಿಚಯದ ವಕೀಲರನ್ನು ಕೇಳಿದೆ. "ಬರವಣಿಗೆಯಲ್ಲಿ ಏನಿದೆ?" ಎಂದರು. ಏನಿಲ್ಲ ಎಂದೆ. ಒಂದು ನೋಟಿಸು ಬರೆದುಕೊಟ್ಟರು. ನಾನೇ ಟೈಪ್ ಮಾಡಿ ಕಳಿಸಿದೆ.

ಅಮ್ಮ ತನ್ನದೇ ಒಂದು ಹೊಸ ವಿಡಿಯೋ ಮಾಡಲು ನನಗೆ ಹೇಳಿದಳು. ಇಸ್ತ್ರಿ ಸೀರೆ ಉಟ್ಟು, ವಾಚು ಕಟ್ಟಿ, ಜಗಲಿಯಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಿಂದೆ ಮಕ್ಕಳಿಗೆ ಹೇಳಿಕೊಡುತ್ತಿದ್ದ ದನಿಯಲ್ಲೇ ಹೇಳಿದಳು: ನನಗೆ ಓದಲು ಬರುತ್ತದೆ. ಇವರು ನನ್ನ ಯಜಮಾನರು. ಈ ಚಿತ್ತಾರ ಚೆನ್ನಾಗಿದೆ ಅನ್ನಿಸಿದರೆ ಕೊಳ್ಳಿ, ಅಯ್ಯೋ ಪಾಪ ಅನ್ನಿಸಿ ಕೊಳ್ಳಬೇಡಿ. ನಾನು ತೆರೆದ ಹೊಸ ಪೇಜಿನಲ್ಲಿ ಅದನ್ನು ನೋಡಿದವರು ನೆಂಟರು ಮತ್ತು ಅಮ್ಮನ ಹಳೆಯ ಅಂಗನವಾಡಿ ಮಕ್ಕಳು. ನಿಟ್ಟೂರಿನ ಹೋಮ್‌ಸ್ಟೇಯವರು ಮಾತ್ರ ಹಳೆ ಚೀಟಿ ಕಿತ್ತು ಹೊಸದನ್ನು ಅಂಟಿಸಿದರು. ತೀರ್ಥಹಳ್ಳಿಯ ಬಟ್ಟೆ ಅಂಗಡಿಯವರು ತಟ್ಟೆ ಬೇಡ ಎಂದರು. "ಜನ ಆ ಅಜ್ಜಿದೇ ಬೇಕು ಅಂತಾರೆ ಮೇಡಂ" ಎಂದರು. ಅದೇ ಅಜ್ಜಿ ಸ್ವಾಮಿ, ಎಂದೆ. "ಹಂಗಲ್ಲ, ಆ ವಿಡಿಯೋದಲ್ಲಿರೋ ಅಜ್ಜಿ" ಎಂದರು.

ನೋಟಿಸಿಗೆ ಹೆದರಿಯೋ ಏನೋ, ಸ್ವಲ್ಪ ಕಾಲದ ನಂತರ ಗೆಳತಿ ಅಮ್ಮನ ವಿಡಿಯೋ ತೆಗೆದಳು. ಪೇಜಿನ ಹೆಸರು ಬದಲಾಯಿತು. ಅಲ್ಲಿ ಇನ್ನೊಬ್ಬ ಅಜ್ಜಿ ಬಂದಳು. ಹುಂಚದ ಕಡೆಯವಳು, ಬಿದಿರಿನ ಬುಟ್ಟಿ ಹೆಣೆಯುವವಳು. ಅದೇ ಅಳುವ ದನಿ. ಮಗನನ್ನು ಕಳೆದುಕೊಂಡವಳಂತೆ, ಕಣ್ಣು ಮಂಜಾಗಿದೆಯಂತೆ. ಕೊಳ್ಳುವವರು ಮತ್ತೆ ಮುಗಿಬಿದ್ದಿದ್ದರು.

ನನಗೆ ತಡೆಯಲಾಗಲಿಲ್ಲ. ಅಂಗಡಿಗೆ ರಜೆ ಹಾಕಿ ಹೊಸನಗರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ. ಆ ಅಜ್ಜಿಗೆ ಎಲ್ಲವನ್ನೂ ಹೇಳಬೇಕು, ವಿಡಿಯೋವನ್ನು ಧ್ವನಿ ಕೊಟ್ಟು ಕೇಳಿಸಬೇಕು, ನೋಟಿಸು ಬರೆಸಿಕೊಡಬೇಕು. ದಾರಿಯುದ್ದಕ್ಕೂ ಇದನ್ನೇ ಮನಸ್ಸಿನಲ್ಲಿ ಹೊಂದಿಸಿಕೊಂಡೆ. ಬುಟ್ಟಿ ಹೆಣೆಯುವ ಅಜ್ಜಿ ಎಂದು ವಿಚಾರಿಸುತ್ತ ಹೋದೆ, ಮನೆ ಸಿಕ್ಕಿತು. ಮಗ ಅಂಗಳದಲ್ಲೇ ಕೂತು ಬಿದಿರು ಸೀಳುತ್ತಿದ್ದ, ಗಟ್ಟಿಮುಟ್ಟಾಗಿ. ಅಜ್ಜಿ ಬುಟ್ಟಿಯ ಅಂಚು ಕಟ್ಟುತ್ತಿದ್ದರು. ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ಯಾರೆಂದೂ ನೋಟಿಸು ಕಳಿಸಿದ್ದನ್ನೂ ಹೇಳಿ, ಫೋನು ಹಿಡಿದು ವಿಡಿಯೋ ಕೇಳಿಸಿದೆ.

ಅವರು ಪೂರ್ತಿ ಕೇಳಲೂ ಇಲ್ಲ. "ಗೊತ್ತೈತೆ ಕಣಮ್ಮ. ಹಂಗೆ ಹೇಳ್ತೀನಿ ಅಂದ್ಲು, ಹೂಂ ಅಂದೆ."

"ಮಗ ಇಲ್ಲೇ ಇದಾರಲ್ಲಮ್ಮ. ಸತ್ತಿದಾರೆ ಅಂತ ಹೇಳಕ್ಕೆ ಒಪ್ಪಿದ್ರಾ?"

"ಅಷ್ಟು ವರ್ಷ ಮಗ ಬದ್ಕಿದಾನೆ ಅಂತಾನೇ ಸಂತೇಲಿ ಕೂತು ಮಾರಿದ್ನಲ್ಲ. ಪ್ಲಾಸ್ಟಿಕ್ ಬುಟ್ಟಿ ಮುಂದೆ ಯಾರ್ ತಿರುಗಿ ನೋಡಿದ್ರು?" ಅವರು ಅಂಚಿನ ಸೀಳನ್ನು ಬಿಗಿದು ಎಳೆದರು. "ನಿಮ್ಗಾದ್ರೆ ಸಾಗರದಲ್ಲಿ ಅಂಗಡಿ ಐತೆ. ನಿಮ್ಮಮ್ಮಂಗೆ ಪೆನ್ಸನ್ನೋ ಗಿನ್ಸನ್ನೋ ಬತ್ತಿರ್ಬೇಕು. ನೋಟೀಸ್ ಗೀಟೀಸ್ ಅಂತ ಅವ್ಳನ್ನ ಓಡ್ಸ್ಬೇಡಿ."

ಮಗ ತಲೆ ಎತ್ತಿ ನೋಡಿ ನಕ್ಕ. ನೀರು ಬೆಲ್ಲ ತಂದುಕೊಟ್ಟ. ನಾನು ಕುಡಿದು, ಒಂದು ಬುಟ್ಟಿ ಕೊಂಡು ಎದ್ದೆ.

ಬಸ್ ಸ್ಟಾಪಿನಲ್ಲಿ ಬಹಳ ಹೊತ್ತು ಕಾದೆ. ಗೆಳತಿಯ ಮೇಲಿನ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಅವತ್ತು ಅದರ ಜೊತೆಗೆ ಇನ್ನೊಂದು ಸಿಟ್ಟು ಸೇರಿಕೊಂಡಿತು. ಎಲ್ಲೋ ಕೂತು ವಿಡಿಯೋ ನೋಡಿ, ಒಬ್ಬ ತಾಯಿ ಬದುಕಿರುವ ಮಗನನ್ನು ಸಾಯಿಸಿಕೊಂಡ ಮೇಲೆಯೇ ಅವಳ ಬುಟ್ಟಿ ಚೆಂದ ಎಂದು ಒಪ್ಪುವ ಜನರಿದ್ದಾರಲ್ಲ, ಅವರ ಮೇಲೆ. ಅವರು ಒಬ್ಬರಿಬ್ಬರಲ್ಲ, ಅವರಿಗೆ ನೋಟಿಸು ಕಳಿಸಲು ಬರುವುದಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ನಾನೇ ನನ್ನ ಕೈಯಾರೆ ಹಲಗೆ ಸುತ್ತಿ ಕಳಿಸಿದ್ದೆ.