ಐದೂವರೆಗೆ ಬಂಕಿನ ಹತ್ತಿರ

ಭಾನುವಾರ ಬೆಳಿಗ್ಗೆ ಏಳರಿಂದ ಏಳೂವರೆ ನಮ್ಮ ಮನೆಯಲ್ಲಿ ಸೈಕಲ್ ಒರೆಸುವ ಹೊತ್ತು. ಹೊಲಿಗೆ ಯಂತ್ರದ ಎಣ್ಣೆ, ಹಳೇ ಬಟ್ಟೆ ಎರಡು ತುಂಡು, ಒಂದು ಒದ್ದೆಗೆ, ಒಂದು ಒಣಗಿದ್ದಕ್ಕೆ. ಮೊನ್ನೆ ಒರೆಸುವಾಗ ಮುಂದಿನ ಚಕ್ರದ ಕಡ್ಡಿಗಳಲ್ಲಿ ಮತ್ತೆ ತುಕ್ಕು ಕಂಡಿತು. ನಮ್ಮ ದೇವನಹಳ್ಳಿ ಕಡೆಯ ಹವೆಗೆ ಸೈಕಲ್ಲು ಧೂಳು ಹಿಡಿಯುತ್ತದೆಯೇ ಹೊರತು ಹೀಗೆ ತುಕ್ಕು ಹಿಡಿಯುವುದಿಲ್ಲ. ಇದು ಇಲ್ಲಿಯ ತುಕ್ಕಲ್ಲ. ಮೂರು ವರ್ಷದ ಹಿಂದೆ ಮರವಂತೆಯ ಸಮುದ್ರದಿಂದ ನಾನೇ ತಂದುಕೊಂಡದ್ದು. ಎಷ್ಟು ಉಜ್ಜಿದರೂ ಹದಿನೈದು ದಿನಕ್ಕೆ ತಿರುಗಿ ಬರುತ್ತದೆ, ಮರೆಯಬೇಕೆಂದುಕೊಂಡ ಮಾತಿನ ಹಾಗೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಎದ್ದು, ಗಂಟೆ ಬಾರಿಸಿದರೆ ಉಂಡು ಬೆಳೆದವಳು ನಾನು. ಆಮೇಲೆ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಡಂ. ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಕೊಟ್ಟರು. ಸೀಟಿ ವಾಪಸ್ಸು ಕೇಳುವುದನ್ನು ಮರೆತರು. ಅದು ಈಗಲೂ ನನ್ನ ಬಳಿ ಇದೆ.

ರತ್ನಮ್ಮ ನನ್ನ ಓರಗೆಯವಳು. ಅವಳದು ಎರಡು ಹಸು, ಒಂದು ಚಕ್ಕೋತದ ಮರ, ಒಂದು ಸೈಕಲ್. ಡೈರಿಗೆ ಹಾಲು ಹಾಕಲು ಸೈಕಲ್ಲಿನ ಎಡಗಡೆ ಕ್ಯಾನ್ ಕಟ್ಟಿಕೊಂಡು ದಿನಕ್ಕೆರಡು ಸಲ ಹೋಗಿ ಬಂದು ಅವಳಿಗೆ ಖಾಲಿ ಸೈಕಲ್ ತುಳಿಯುವುದೇ ಮರೆತುಹೋಗಿದೆ. ಕ್ಯಾನ್ ಇಲ್ಲದಿದ್ದರೆ ಬಲಕ್ಕೆ ವಾಲುತ್ತಾಳೆ. ಹಬ್ಬದ ದಿನ ದೇವಸ್ಥಾನಕ್ಕೆ ಹೋಗುವಾಗಲೂ ಕ್ಯಾನಿಗೆ ನೀರು ತುಂಬಿಕೊಂಡು ಹೋಗುವವಳು.

ಸಮುದ್ರದ ದಂಡೆಯಲ್ಲಿ ಸೈಕಲ್ ಹೊಡೆಯುವ ಯೋಚನೆ ನನ್ನದು. ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಎಂದು ಎಲ್ಲೋ ಓದಿದ್ದೆ. ರತ್ನಮ್ಮನ ಮೈದುನ ಪಿಳ್ಳಪ್ಪ ದ್ರಾಕ್ಷಿ ತುಂಬಿಕೊಂಡು ಆ ಕಡೆಗೆ ಪಿಕಪ್ ಹೊಡೆಯುತ್ತಿದ್ದ. ಕ್ರೇಟುಗಳ ಮೇಲೆ ನಮ್ಮ ಸೈಕಲ್ ಕಟ್ಟಿಕೊಳ್ಳಲು ಒಪ್ಪಿದ. ತಡೆ ಇದ್ದದ್ದು ಹಸುವಿನದು.

"ಗೌರಿ ಬೇರೆಯವರ ಕೈಗೆ ಹಾಲು ಬಿಡಲ್ಲ ಕಣೇ," ಎಂದಳು ರತ್ನಮ್ಮ. "ನಮ್ಮ ವಾರಗಿತ್ತಿ ನನ್ನ ಹಳೇ ಸೀರೆ ಸುತ್ಕೊಂಡು ಕೂತ್ರೆ ಒಂದಿನ ಮೋಸ ಹೋಗ್ತಾಳೆ. ಎರಡನೇ ದಿನ ಗೊತ್ತಾಗ್ಬಿಡ್ತದೆ, ಒದೀತಾಳೆ."

ಹಾಗಾಗಿ ನಮಗೆ ಸಿಕ್ಕಿದ್ದು ಒಂದೇ ಒಂದು ದಿನ. ಶನಿವಾರ ಸಂಜೆ ಹಾಲು ಕರೆದು ಹೊರಡುವುದು, ಸೋಮವಾರ ಬೆಳಗಿನ ಹಾಲಿಗೆ ವಾಪಸ್ಸು.

"ನಿನಗೇನು ನೋಡಬೇಕು ಹೇಳು, ಪಟ್ಟಿಗೆ ಸೇರಿಸ್ತೀನಿ," ಎಂದು ಪೆನ್ನು ಹಿಡಿದು ಕೇಳಿದೆ.

"ಸೂರ್ಯ ಮುಳುಗೋದು," ಎಂದಳು. "ಮದುವೆ ಆದಾಗಿಂದ ಆ ಹೊತ್ತಿಗೆ ಹಸು ಕೆಳಗೇ ಕೂತಿದ್ದೀನಿ, ಬೆನ್ನು ಬಿಸಿಲಿಗೆ. ಒಂದಿನ ಸುಮ್ನೆ ಕೈ ಕಟ್ಕೊಂಡು ಕೂತು ನೋಡ್ಬೇಕು. ಅಷ್ಟೆ."

"ಮುಳುಗೋದು ಏನು ನೋಡ್ತೀಯ, ಹುಟ್ಟೋದು ತೋರಿಸ್ತೀನಿ ಬಾ," ಎಂದೆ.

ನಂದಿಬೆಟ್ಟದ ಬುಡದಲ್ಲಿ ಬೆಳೆದವರಿಗೆ ಇದೊಂದು ಜಾಡ್ಯ. ನೋಡುವಂಥದ್ದು ಏನಿದ್ದರೂ ಅದು ಬೆಳಗಿನ ಜಾವ, ಸ್ವೆಟರು ಹಾಕಿಕೊಂಡು, ಪೂರ್ವಕ್ಕೆ ಮುಖ ಮಾಡಿ ನೋಡುವಂಥದ್ದು. ಪ್ರತಿ ವರ್ಷ ಮಕ್ಕಳನ್ನು ಸಾಲಾಗಿ ಬೆಟ್ಟ ಹತ್ತಿಸಿ ಸೂರ್ಯೋದಯ ತೋರಿಸಿದ ಕೈಯಲ್ಲೇ ಬರೆದೆ: ಆರು ಹದಿನೈದರಿಂದ ಆರು ಮೂವತ್ತೈದು, ಸಮುದ್ರದಲ್ಲಿ ಸೂರ್ಯೋದಯ. ಸಂಜೆಯ ಖಾನೆಯಲ್ಲಿ ಬರೆದದ್ದು: ಐದೂವರೆ, ಹೆದ್ದಾರಿಯ ಪೆಟ್ರೋಲ್ ಬಂಕು, ಪಿಳ್ಳಪ್ಪ.

ಭಾನುವಾರ ನಸುಕಿನಲ್ಲಿ ಪಿಳ್ಳಪ್ಪ ನಮ್ಮನ್ನು ಇಳಿಸಿ ಮಾರುಕಟ್ಟೆಗೆ ಹೋದ. ಮರಳಿನ ಮೇಲೆ ಕೂತೆವು. ನೀರು ಕಪ್ಪಗಿತ್ತು, ಆಮೇಲೆ ಬೂದು ಬಣ್ಣವಾಯಿತು, ಆಮೇಲೆ ನೀಲಿ. ಸೂರ್ಯ ಬರಲಿಲ್ಲ. ನಾನು ಗಡಿಯಾರ ನೋಡಿದೆ, ಮೋಡ ಎಂದುಕೊಂಡೆ. ರತ್ನಮ್ಮ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ ಮತ್ತೆ ಮುಂದೆ ನೋಡಿದಳು. ಬಲೆ ಬಿಡಿಸುತ್ತಿದ್ದ ಒಬ್ಬ ಮುದುಕ ಹತ್ತಿರ ಬಂದು, "ಯಾರನ್ನ ಕಾಯ್ತಿದ್ದೀರಿ ಅಮ್ಮ?" ಎಂದ.

"ಸೂರ್ಯನ್ನ," ಎಂದೆ.

"ಅವನು ಬಂದು ಎಷ್ಟೋ ಹೊತ್ತಾಯ್ತಲ್ಲ. ನಿಮ್ಮ ಬೆನ್ನ ಹಿಂದೆ."

ತೆಂಗಿನ ಮರಗಳ ಮೇಲೆ ಸೂರ್ಯ ಆಗಲೇ ಒಂದಾಳು ಏರಿದ್ದ. ಮೂವತ್ತೆರಡು ವರ್ಷ ಮಕ್ಕಳಿಗೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೇಳಿಕೊಟ್ಟವಳು ನಾನು. ನನಗೆ ಹಿಂದಕ್ಕೆ ತಿರುಗು ಎನ್ನುವವರು ಯಾರೂ ಇರಲಿಲ್ಲ.

"ಬಿಡು," ಎಂದಳು ರತ್ನಮ್ಮ. "ನಮ್ಮೂರಲ್ಲೂ ಹುಟ್ತಾನೆ."

ಆಮೇಲಿನ ಸವಾರಿ ಚೆನ್ನಾಗಿತ್ತು ಎಂದು ನನ್ನ ಪಟ್ಟಿಯೇ ಹೇಳುತ್ತದೆ. ಎಲ್ಲ ಗೆರೆಯ ಮುಂದೆಯೂ ಗುರುತು ಹಾಕಿದ್ದೇನೆ. ಎಡಕ್ಕೆ ಅಲೆ, ಬಲಕ್ಕೆ ಹೊಳೆ, ನಡುವೆ ನಾವು. ರತ್ನಮ್ಮ ಕ್ಯಾನನ್ನೂ ತಂದಿದ್ದಳು. ಅದರೊಳಗೆ ಏನೆಂದು ಕೇಳಿದರೆ ಚಕ್ಕೋತ, ನಾಲ್ಕು. "ಭಾರ ಇಲ್ದಿದ್ರೆ ಸಮುದ್ರಕ್ಕೆ ವಾಲ್ಬಿಡ್ತೀನಿ," ಎಂದಳು. ನಿನ್ನದೇ ತರ್ಕದಂತೆ ವಾಲಬೇಕಾದ್ದು ಹೊಳೆಗೆ, ಸಮುದ್ರಕ್ಕಲ್ಲ ಎಂದು ನಾನು ತಿದ್ದಿದೆ. ಅವಳು ಮುಂದೆ ಹೋಗಿಬಿಟ್ಟಿದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಡೈರಿಗೆ ತಡವಾದವಳಂತೆ ತುಳಿಯುತ್ತಿದ್ದಳು. ಗಂಟೆಗೆ ಹತ್ತು ನಿಮಿಷ ವಿಶ್ರಾಂತಿ. ವಿಶ್ರಾಂತಿ ಮುಗಿದಾಗ ನಾನು ಸೀಟಿ ಊದಿದೆ. ಎರಡನೇ ಸಲ ಊದಿದಾಗ ಅಲ್ಲಿದ್ದ ಪ್ರವಾಸಿಗಳೂ ಎದ್ದು ನಿಂತರು.

ಐದು ಗಂಟೆಗೆ ಮತ್ತೆ ಬೆಳಗಿನ ಮರಳಿಗೇ ಬಂದೆವು. ಮುದುಕ ತೋರಿಸಿದ್ದ ದಿಕ್ಕಿನಿಂದ ಸೂರ್ಯ ನಮ್ಮ ತಲೆಯ ಮೇಲೆ ಹಾದು ಈಗ ನೀರಿನ ಕಡೆಗೆ ಇಳಿಯುತ್ತಿದ್ದ. ರತ್ನಮ್ಮ ಕ್ಯಾನ್ ಇಳಿಸಿ, ಚಕ್ಕೋತ ಸುಲಿದು ಕೂತಳು. ಐದೂ ಹದಿನೈದಕ್ಕೆ ನಾನು ಸೀಟಿ ಊದಿದೆ.

"ಇನ್ನೊಂದು ಗಂಟೆ ಕಣೇ," ಎಂದಳು.

"ಐದೂವರೆಗೆ ಬಂಕಿನ ಹತ್ತಿರ ಅಂತ ನಿನ್ನ ಮೈದುನನಿಗೆ ಮಾತು ಕೊಟ್ಟಿದ್ದೀನಿ. ಅವನು ಹೊರಟುಹೋದರೆ ಬೆಳಿಗ್ಗೆ ಗೌರಿ ಗತಿ?"

"ನೀನು ಹೋಗು. ನಾನು ಬರ್ತೀನಿ."

"ಒಬ್ಬಳೇ ಕೂತಿರ್ತೀಯ?"

"ದಿನಾ ಹಸು ಕೆಳಗೆ ನೀನೇನು ಜೊತೆಗೆ ಕೂತಿರ್ತೀಯ?" ಎಂದಳು. ಅವಳ ದನಿ ಏರಲಿಲ್ಲ. ಒಂದು ತೊಳೆ ನನ್ನ ಕೈಗಿಟ್ಟು ನೀರಿನ ಕಡೆ ತಿರುಗಿದಳು.

ನಾನು ಹೊರಟೆ. ಎದುರು ಗಾಳಿ, ಆದರೂ ಐದೂ ಇಪ್ಪತ್ತೆಂಟಕ್ಕೆ ಬಂಕು ಮುಟ್ಟಿದೆ. ಬಂಕಿನ ಪಕ್ಕ ಒಂದು ಐಸ್ ಕಾರ್ಖಾನೆ, ಅದರ ಎತ್ತರದ ಗೋಡೆಯ ಆಚೆ ಸಮುದ್ರ. ಪಿಳ್ಳಪ್ಪ ಇರಲಿಲ್ಲ. ಆರಕ್ಕೂ ಇರಲಿಲ್ಲ. ಗಾಳಿ ತುಂಬುವ ಯಂತ್ರದ ಕಟ್ಟೆಯ ಮೇಲೆ ಕೂತೆ. ಗೋಡೆಯ ನೆತ್ತಿಯಲ್ಲಿ ಆಕಾಶ ಹಳದಿಯಾಯಿತು, ಕೆಂಪಾಯಿತು, ಹೆಸರು ಗೊತ್ತಿಲ್ಲದ ಯಾವುದೋ ಬಣ್ಣಕ್ಕೆ ತಿರುಗಿತು. ಪೆಟ್ರೋಲ್ ಹಾಕುವ ಹುಡುಗಿಯರು ಇಬ್ಬರು ಓಡಿಹೋಗಿ ಗೋಡೆಯ ತುದಿಯಿಂದ ಇಣುಕಿ ಬಂದರು. ನಾನು ಏಳಲಿಲ್ಲ. ಪಿಕಪ್ ಬಂದರೆ ನಾನು ಹೇಳಿದ ಜಾಗದಲ್ಲಿ ಕಾಣಬೇಕಲ್ಲ.

ಏಳು ಗಂಟೆಗೆ ರತ್ನಮ್ಮ ಬಂದಳು, ಸೀರೆಯ ಅಂಚಿಗೆಲ್ಲ ಮರಳು. ಏಳೂ ಐದಕ್ಕೆ ಪಿಳ್ಳಪ್ಪ ಬಂದ, ಮೀನಿನ ಊಟ ಹುಡುಕಿಕೊಂಡು ಹೋಗಿದ್ದನಂತೆ.

"ಇವನು ಯಾವತ್ತೂ ಹೀಗೇನಾ?" ಎಂದು ಅವಳನ್ನು ಕೇಳಿದೆ.

"ನಾನು ಮದುವೆ ಆಗಿ ಬಂದಾಗಿಂದ ಹೀಗೇ. ನನ್ನ ಮದುವೆಗೇ ಊಟ ಮುಗಿದ್ಮೇಲೆ ಬಂದ."

"ಮೊದಲೇ ಹೇಳಬಾರದಿತ್ತಾ?"

"ನೀನು ಏನು ನೋಡ್ಬೇಕು ಅಂತ ಕೇಳ್ದೆ. ಹೇಳ್ದೆ. ನೀನು ಬೇರೆ ಬರ್ಕೊಂಡೆ."

ದಾರಿಯಲ್ಲಿ, ಹೇಗಿತ್ತು ಎಂದು ಒಂದೇ ಸಲ ಕೇಳಿದೆ. "ಅದನ್ನೇನು ಹೇಳೋದು," ಎಂದಳು. ಮೂರು ವರ್ಷವಾಯಿತು. ದಿನವೂ ಸಿಗುತ್ತೇವೆ, ಮಾತಾಡುತ್ತೇವೆ. ಅದನ್ನು ಮಾತ್ರ ಅವಳು ಹೇಳಿಲ್ಲ, ನಾನು ಕೇಳಿಲ್ಲ.

ಮೊನ್ನೆ ಏಳೂವರೆಗೆ ಬಟ್ಟೆ ಕೆಳಗಿಟ್ಟೆ. ತುಕ್ಕು ಹಾಗೇ ಉಳಿಯಿತು. ಸಂಜೆ ಐದೂವರೆಗೆ, ನನ್ನ ದಿನದ ಪಟ್ಟಿಯ ಪ್ರಕಾರ ಪತ್ರಿಕೆ ಓದಬೇಕಾದ ಹೊತ್ತಿನಲ್ಲಿ, ರತ್ನಮ್ಮನ ಕೊಟ್ಟಿಗೆಯ ಮುಂದೆ ಸೈಕಲ್ ನಿಲ್ಲಿಸಿದೆ.

"ನಿನ್ನ ಹಳೇ ಸೀರೆ ಕೊಡು," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕರೆಯೋಕೆ ಬರ್ತದಾ ಮೇಡಮ್ಮೋರಿಗೆ?"

"ಹಾಸ್ಟೆಲಿಗೆ ಸೇರೋ ತನಕ ನಮ್ಮನೇಲಿ ಕರೀತಿದ್ದವಳು ನಾನೇ."

ಸಗಣಿ, ಹಾಲು, ಹಿಂಡಿಯ ವಾಸನೆಯ ಆ ಸೀರೆಯನ್ನು ಮೈಗೆ ಸುತ್ತಿಕೊಂಡು ಗೌರಿಯ ಪಕ್ಕ ಕೂತೆ. ಗೌರಿ ಒಮ್ಮೆ ಮೂಸಿ, ಅನುಮಾನದಿಂದಲೇ ಹಾಲು ಬಿಟ್ಟಳು. ಬೆನ್ನಿನ ಮೇಲೆ ಇಳಿಬಿಸಿಲು ಬೆಚ್ಚಗೆ ಕೂತಿತು. ರತ್ನಮ್ಮ ಕೊಟ್ಟಿಗೆಯ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು, ಕೆರೆಯ ಕಡೆ ನೋಡುತ್ತಾ ನಿಂತಳು.

"ಅಲ್ಲಿ ನೀರು ಮುಟ್ಟೋ ಹೊತ್ತಿಗೆ ಅಗಲ ಆಗ್ಬಿಟ್ಟ," ಎಂದಳು ಆಮೇಲೆ, ನಾನು ಕೇಳದೆ. "ಮುದ್ದೆ ತಟ್ಟೆಗೆ ಬಿಟ್ಟಂಗೆ. ಇಲ್ಲಿ ಹಂಗಾಗಲ್ಲ. ಇಲ್ಲಿ ಅರ್ಧ ಆಯ್ತು ನೋಡು."

ನಾನು ತಿರುಗಲು ಹೋದೆ.

"ತಿರುಗ್ಬೇಡ," ಎಂದಳು. "ಒದೀತಾಳೆ. ನಾನು ಹೇಳ್ತೀನಿ, ನೀನು ಕರಿ."